ಸೈಲೆನ್ಸರ್ ನೀನೇ ಬದಲಿಸು ಪ್ರಜ್ವಲ್, ಆದರೆ ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಬೇಡ

ಪ್ರಜ್ವಲ್, ನಿನ್ನ ಮೆಸೇಜ್ ಈಗ ನೋಡಿದೆ. ಅಣ್ಣನ 2004ರ ಮಾರುತಿ 800 ಸ್ಟಾರ್ಟ್ ಮಾಡಿದರೆ ಟ್ರ್ಯಾಕ್ಟರ್ ಸದ್ದು ಬರುತ್ತಿದೆ, ಗ್ಯಾರೇಜಿನವರು ಹೊಗೆ ಪೈಪಿನ ಪೂರ್ತಿ ಲೈನ್ ಬದಲಿಸಬೇಕು ಅಂದರು, ಕ್ಯಾಟ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದು ನೇರ ಪೈಪ್ ಹಾಕಿದರೆ ಮೈಲೇಜ್ ಜಾಸ್ತಿ ಬರುತ್ತದೆ ಅಂತಲೂ ಹೇಳಿದರು. ನೀನು ಭಾನುವಾರ ಅಂಗಳದಲ್ಲಿ ಮುರಕಲ್ಲಿನ ಮೇಲೆ ಕಾರು ಏರಿಸಿ ನೀನೇ ಸೈಲೆನ್ಸರ್ ಬದಲಿಸುತ್ತೀಯಂತೆ. ಅದರ ಕೆಳಗೆ ಶಂಕರ ಭಾವ ಬರೆದಿದ್ದಾರೆ, ಅವರ 1989ರ ಗಾಡಿಗೆ ಕ್ಯಾಟ್ ಇರಲೇ ಇಲ್ಲ, ಏನೂ ಆಗಲಿಲ್ಲ ಅಂತ. ಎಲ್ಲದಕ್ಕೂ ಸೇರಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಕೇಳು.

ಮಾಡು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಅತ್ತಿಗೆ ಹೆದರಿಕೊಂಡು ನನಗೆ ಫೋನ್ ಮಾಡಿದ್ದರು. ಹಾಸನದಲ್ಲಿ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರ್‌ನಲ್ಲಿ ನಿಂತು ನಾನು ಎಷ್ಟೋ ಹುಡುಗರಿಗೆ ಸೈಲೆನ್ಸರ್ ಕೊಟ್ಟು ಕಳಿಸಿದ್ದೇನೆ. ಮನೆಯಲ್ಲೇ ಹಾಕಿಕೊಂಡು ಚೆನ್ನಾಗಿ ಓಡಿಸುತ್ತಿದ್ದಾರೆ. ಎಂಜಿನ್ ಬಿಚ್ಚುವ ಕೆಲಸ ಅಲ್ಲ ಇದು. ನಟ್ಟು, ಬೋಲ್ಟು, ರಬ್ಬರು, ಜಾಯಿಂಟಿನ ನಡುವೆ ಕೂರುವ ಗ್ಯಾಸ್ಕೆಟ್, ಅಷ್ಟೆ. ಆದರೆ ಈ ಪೈಪು ಇರುವುದು ಬರೀ ಸದ್ದು ಕಡಿಮೆ ಮಾಡಲಿಕ್ಕೆ ಅಂತ ಅಂದುಕೊಂಡು ಕೆಲಸ ಶುರು ಮಾಡಬೇಡ. ಎಂಜಿನ್‌ನಿಂದ ಹೊರಬರುವ ವಿಷದ ಗಾಳಿಯನ್ನು ಕೂತವರ ಕೆಳಗಿನಿಂದ ದಾಟಿಸಿ ಕಾರಿನ ಹಿಂದಕ್ಕೆ ಬಿಡುವುದು ಅದರ ಮೊದಲ ಕೆಲಸ. ಸದ್ದು ಆಮೇಲಿನದು. ಇದೊಂದು ತಲೆಯಲ್ಲಿದ್ದರೆ ಉಳಿದ ತೀರ್ಮಾನಗಳೆಲ್ಲ ತಾವಾಗಿ ಸರಿಯಾಗುತ್ತವೆ.

ಆ ವಿಷದ ಗಾಳಿಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತೂಕಡಿಕೆ. ಹಿಂದಿನ ಸೀಟಿನಲ್ಲಿ ಪುಟ್ಟಿ ಮಲಗಿದ್ದರೆ ಅದು ನಿದ್ದೆಯೋ ಗ್ಯಾಸಿನ ಮಂಪರೋ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷದ ಗಾಡಿ, ಕರಾವಳಿಯ ಉಪ್ಪುಗಾಳಿ, ನೆಲದ ತಗಡಿನಲ್ಲಿ ಎಲ್ಲೋ ತುಕ್ಕಿನ ತೂತು ಇದ್ದೇ ಇರುತ್ತದೆ. ಮ್ಯಾಟ್ ಎತ್ತಿ ನೋಡು. ಹಿಂದಿನ ಡೋರ್ ಸರಿಯಾಗಿ ಕೂರದಿದ್ದರೆ ಅಲ್ಲಿಂದಲೂ ಗ್ಯಾಸ್ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಸರಿಯಾಗುವ ತನಕ ಆ ಕಾರಿನಲ್ಲಿ ಯಾರನ್ನೂ ಕರೆದುಕೊಂಡು ಹೋಗಬೇಡಿ. ಕಿಟಕಿ ಇಳಿಸಿಕೊಂಡು ಹೋಗುತ್ತೇವೆ ಅನ್ನುವ ಮಾತೂ ಬೇಡ.

ಎಲ್ಲಿ ಒಡೆದಿದೆ ಅಂತ ಮೊದಲು ಹುಡುಕು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಬಯಲಲ್ಲಿ ಕಾರು ನಿಲ್ಲಿಸು, ಶೆಡ್‌ನೊಳಗೆ ಬೇಡ. ಸ್ಟಾರ್ಟ್ ಮಾಡಿದ ಕೂಡಲೇ ಒಬ್ಬರು ದಪ್ಪ ಬಟ್ಟೆಯನ್ನು ಹಿಂದಿನ ಪೈಪಿನ ಬಾಯಿಗೆ ಒಂದೆರಡು ಕ್ಷಣ ಒತ್ತಿ ಹಿಡಿಯಲಿ. ನೀನು ಪಕ್ಕದಲ್ಲಿ ಬಗ್ಗಿ ಕೇಳು. ಬಿರುಕಿರುವ ಕಡೆ ಬುಸ್ ಅಂತ ಸದ್ದು ಬರುತ್ತದೆ. ಜಾಯಿಂಟ್ ಸುತ್ತ ಕಪ್ಪು ಮಸಿ ಹರಡಿದ್ದರೂ ಅಲ್ಲೇ ಲೀಕ್ ಅಂತ ತಿಳಿ. ಎಂಜಿನ್ ಆಫ್ ಮಾಡಿದ ಮೇಲೆ ಸೈಲೆನ್ಸರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡು. ಒಳಗೆ ಗಲಗಲ ಅಂದರೆ ಒಳಗಿನ ತಗಡಿನ ಅಡ್ಡಗೋಡೆ ಕಳಚಿದೆ ಅಂತ ಅರ್ಥ. ಅದನ್ನು ವೆಲ್ಡಿಂಗ್ ಮಾಡಿ ಏನೂ ಪ್ರಯೋಜನವಿಲ್ಲ.

ಗ್ಯಾರೇಜಿನವರು ಪೂರ್ತಿ ಲೈನ್ ಅಂದದ್ದು ದುಡ್ಡಿಗಾಗಿ ಅಂತ ನೀನು ಬರೆದೆ. ಈ ವಿಷಯದಲ್ಲಿ ನಾನು ಅವರ ಪರ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದ ಗಾಡಿಯಲ್ಲಿ ಪೈಪು ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೊರಟು ಹೋಗುತ್ತದೆ. ಅಣ್ಣ ಕಾರು ತೆಗೆಯುವುದೇ ಪೇಟೆಗೆ, ದೇವಸ್ಥಾನಕ್ಕೆ. ಪೈಪು ಕಾಯುವ ಮೊದಲೇ ಮನೆಗೆ ಬಂದಿರುತ್ತಾರೆ. ಆ ನೀರು ಸೈಲೆನ್ಸರ್ ಒಳಗೇ ನಿಂತು, ಹೊಗೆಯ ಆಮ್ಲವೂ ಸೇರಿ, ಒಳಗಿನಿಂದ ತಿನ್ನುತ್ತದೆ. ಹೊರಗೆ ಒಂದು ತೂತು ಕಾಣುವ ಹೊತ್ತಿಗೆ ಒಳಗೆಲ್ಲ ಲಡ್ಡಾಗಿರುತ್ತದೆ. ಒಂದು ಕಡೆ ವೆಲ್ಡ್ ಮಾಡಿಸಿದರೆ ಅದರ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ, ಏಕೆಂದರೆ ವೆಲ್ಡಿಂಗ್ ಹಿಡಿಯಲು ಅಲ್ಲಿ ಗಟ್ಟಿ ಕಬ್ಬಿಣವೇ ಇರುವುದಿಲ್ಲ. ನಡುವಿನ ಪೈಪು, ಸೈಲೆನ್ಸರ್, ರಬ್ಬರುಗಳು, ಗ್ಯಾಸ್ಕೆಟ್, ನಟ್ಟು ಬೋಲ್ಟು, ಇಷ್ಟನ್ನೂ ಒಟ್ಟಿಗೆ ಬದಲಿಸು. ಹಾಗೆಯೇ ಕೆಲವು ಸೈಲೆನ್ಸರ್‌ಗಳ ಅಡಿಯಲ್ಲಿ ನೀರು ಇಳಿಯಲಿ ಅಂತ ಕಂಪನಿಯವರೇ ಬಿಟ್ಟ ಪುಟ್ಟ ಕಿಂಡಿ ಇರುತ್ತದೆ. ಅದನ್ನು ತೂತು ಅಂತ ಎಂ-ಸೀಲ್ ಹಾಕಿ ಮುಚ್ಚಬೇಡ.

ಇನ್ನು ಕ್ಯಾಟ್. ಶಂಕರ ಭಾವ, ನೀವು ಹೇಳಿದ್ದು ನಿಜ, ನಿಮ್ಮ ಗಾಡಿಗೆ ಅದು ಇರಲಿಲ್ಲ. ಆಗ ಪೆಟ್ರೋಲಿನಲ್ಲೇ ಸೀಸ ಇತ್ತು, ಸೀಸ ತಾಗಿದರೆ ಕ್ಯಾಟ್ ಹಾಳಾಗುತ್ತದೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮೊದಲು ಕಡ್ಡಾಯ ಮಾಡಿದರು. ಸೀಸವಿಲ್ಲದ ಪೆಟ್ರೋಲ್ ದೇಶಕ್ಕೆಲ್ಲ ಬಂದದ್ದು 2000ದಲ್ಲಿ. ಅಣ್ಣನ ಗಾಡಿ ಅದಾದ ಮೇಲಿನದು, ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಚಿಮ್ಮಿಸುವ ಎಂಪಿಎಫ್‌ಐ. ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿದೆ, ಅದು ಹೇಳಿದಂತೆ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ, ಕೊನೆಗೆ ಕ್ಯಾಟ್ ಆ ವಿಷದ ಗಾಳಿಯನ್ನು ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ, ನೈಟ್ರೋಜನ್ ಮಾಡಿ ಹೊರಗೆ ಬಿಡುತ್ತದೆ. ಒಟ್ಟಿಗೆ ಕೆಲಸ ಮಾಡಲಿ ಅಂತ ಕೂರಿಸಿದ್ದರಲ್ಲಿ ಒಂದನ್ನು ಕಿತ್ತರೆ ಏನು ಬಂತು? ಅದೂ ಮನೆಯ ಬಾಗಿಲಲ್ಲಿ ನಿಲ್ಲುವ ಗಾಡಿ.

ಮೈಲೇಜ್ ಮಾತು ಎಲ್ಲಿಂದ ಬಂತು ಅಂದರೆ, ಕಟ್ಟಿಕೊಂಡ ಕ್ಯಾಟ್ ಇದ್ದರೆ ಹೊಗೆ ಹೊರಗೆ ಹೋಗದೆ ಎಂಜಿನ್ ಏದುಸಿರು ಬಿಡುತ್ತದೆ. ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಅದನ್ನು ತೆಗೆದರೆ ಹಗುರ ಅನ್ನಿಸುವುದು ಸಹಜ. ಚೆನ್ನಾಗಿರುವ ಕ್ಯಾಟ್ ತೆಗೆದರೆ ಹೇಳಿಕೊಳ್ಳುವಂಥ ಲಾಭವೇನಿಲ್ಲ. ಅದು ಕಟ್ಟಿಕೊಳ್ಳುವುದಕ್ಕೂ ಕಾರಣ ಇರುತ್ತದೆ: ಎಂಜಿನ್ ಆಯಿಲ್ ಸುಡುತ್ತಿರಬಹುದು, ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿಲ್ಲದಿರಬಹುದು, ಕಲಬೆರಕೆ ಪೆಟ್ರೋಲ್ ಇರಬಹುದು. ಆ ಕಾರಣ ಹಾಗೇ ಬಿಟ್ಟು ಹೊಸದು ಹಾಕಿದರೂ ಹಾಳೇ. ಇನ್ನೊಂದು ವಿಷಯ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ, ಹಳೆಯದಕ್ಕೂ ಗುಜರಿಯಲ್ಲಿ ಬೆಲೆ ಇದೆ. ಯಾರಾದರೂ "ಪುಕ್ಕಟೆ ತೆಗೆದುಕೊಡುತ್ತೇನೆ" ಅಂದರೆ ಅದನ್ನು ಬಿಟ್ಟು ಬರಬೇಡ. ಎಮಿಷನ್ ಟೆಸ್ಟ್‌ನಲ್ಲೂ ಸಿಕ್ಕಿಬೀಳುತ್ತೀಯ. ಹೊಗೆ, ಸದ್ದು ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ರ ಕೆಳಗೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯ. ಮುರಕಲ್ಲು. ಪ್ರಜ್ವಲ್, ಆ ಕಲ್ಲು ಗೋಡೆಗೆ ಚೆನ್ನ. ಗೋಡೆಯ ಭಾರ ಎಲ್ಲ ಕಡೆ ಸಮವಾಗಿ ಬೀಳುತ್ತದೆ. ಕಾರಿನ ಭಾರ ಒಂದು ಮೂಲೆಯಲ್ಲಿ, ಅಂಗೈಯಗಲದ ತಗಡಿನ ಮೇಲೆ ಬೀಳುತ್ತದೆ. ಸದ್ದಿಲ್ಲದೆ ನಿಂತಿರುವ ಕಲ್ಲು ಒಮ್ಮೆಲೇ ಸೀಳುತ್ತದೆ. ಹಾಲೋ ಬ್ಲಾಕ್ ಅಂತೂ ಇನ್ನೂ ಕೆಟ್ಟದ್ದು. ಮಾರುತಿ ಸಣ್ಣ ಕಾರು ಅನ್ನಬೇಡ, ಆರುನೂರೈವತ್ತು ಕಿಲೋ ತೂಗುತ್ತದೆ. ಕಾರಿನ ಜೊತೆ ಬಂದ ಜಾಕಿ ಚಕ್ರ ಬದಲಿಸಲಿಕ್ಕೆ ಮಾತ್ರ, ಅದರ ನಂಬಿಕೆಯಲ್ಲಿ ಒಂದು ಕೈಯನ್ನೂ ಕೆಳಗೆ ಹಾಕಬೇಡ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜಾಕಿ ಸ್ಟ್ಯಾಂಡ್ ತೆಗೆದುಕೋ, ಇಲ್ಲ ಯಾರ ಹತ್ತಿರವಾದರೂ ಕೇಳಿ ತಾ. ಅಂಗಳದ ಮಣ್ಣಿನ ಮೇಲೆ ಬೇಡ, ಮಳೆ ಬಿದ್ದ ನೆಲದಲ್ಲಿ ಕಾಲು ಇಳಿಯುತ್ತದೆ. ಗಟ್ಟಿ ಕಾಂಕ್ರೀಟ್ ಬೇಕು.

ಹುಡುಗರು ಮರೆಯುವುದು ಒಂದಿದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದ ಕೂಡಲೇ ಆ ಚಕ್ರಗಳು ಗಾಳಿಯಲ್ಲಿ, ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡು, ಮೊದಲನೇ ಗೇರಿನಲ್ಲಿ ಬಿಡು. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಬದಿಯಿಂದ ಜೋರಾಗಿ ಅಲ್ಲಾಡಿಸು. ಅಲ್ಲಾಡದಿದ್ದರೆ ಮಾತ್ರ ಕೆಳಗೆ ಹೋಗು. ನಾನಾಗಿದ್ದರೆ ಇಷ್ಟೂ ತಾಪತ್ರಯ ಬಿಟ್ಟು ನೀರು ಸರ್ವೀಸ್ ಮಾಡುವವರ ಹತ್ತಿರ ಮಧ್ಯಾಹ್ನ ಬಿಡುವಿದ್ದಾಗ ಅವರ ರ‍್ಯಾಂಪ್ ಕೇಳುತ್ತಿದ್ದೆ. ಏನಾದರೂ ಕೊಟ್ಟರೆ ಎಷ್ಟೋ ಜನ ಬಿಟ್ಟುಕೊಡುತ್ತಾರೆ, ನಿಂತುಕೊಂಡೇ ಕೆಲಸ ಮುಗಿಯುತ್ತದೆ.

ಸಾಮಾನು ಕೊಳ್ಳುವಾಗ ವರ್ಷ, ಎಂಪಿಎಫ್‌ಐ ಅನ್ನುವುದು ಹೇಳು, ಹಳೆಯ ಪೈಪಿನ ಫೋಟೋ ತೋರಿಸು. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಕೈಯಲ್ಲಿ ಎತ್ತಿ ನೋಡು. ಎರಡು ಸೈಲೆನ್ಸರ್ ನೋಡಲು ಒಂದೇ ಥರ ಇದ್ದರೂ ಒಂದು ಹಗುರ ಇರುತ್ತದೆ, ತಗಡು ತೆಳು ಅಂತ ಅರ್ಥ. ಬರೀ ಕಪ್ಪು ಪೇಂಟ್ ಹೊಡೆದದ್ದಕ್ಕಿಂತ ಅಲ್ಯುಮಿನಿಯಂ ಲೇಪನ ಇರುವುದು ನಿಮ್ಮ ಕಡೆಯ ಗಾಳಿಗೆ ಜಾಸ್ತಿ ಬಾಳಿಕೆ ಬರುತ್ತದೆ. ಅಯಸ್ಕಾಂತ ಅಂಟಿದರೆ ಸ್ಟೀಲ್ ಅಲ್ಲ ಅನ್ನುವ ಪರೀಕ್ಷೆ ನಂಬಬೇಡ, ಸೈಲೆನ್ಸರ್‌ಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲಿಗೂ ಅಯಸ್ಕಾಂತ ಅಂಟುತ್ತದೆ.

ಶನಿವಾರ ಸಂಜೆಯೇ, ಪೈಪು ಪೂರ್ತಿ ಆರಿದ ಮೇಲೆ, ಎಲ್ಲ ಬೋಲ್ಟಿನ ಮರೆಗಳನ್ನು (ಥ್ರೆಡ್) ತಂತಿ ಬ್ರಷ್‌ನಿಂದ ಉಜ್ಜಿ ಡಬ್ಲ್ಯೂಡಿ-40 ಹೊಡೆದಿಡು. ರಾತ್ರಿಯೆಲ್ಲ ಇಳಿಯಲಿ. ಬೆಳಿಗ್ಗೆ ಬಿಚ್ಚುವಾಗ ಓಪನ್ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರ್ ಹಾಕು. ಮೊದಲು ಚೂರು ಬಿಗಿ ಮಾಡು, ಟಕ್ ಅಂತ ತುಕ್ಕು ಬಿಡುತ್ತದೆ, ಆಮೇಲೆ ಸಡಿಲಿಸು. ಹಿಂದಿನ ಬೋಲ್ಟು ಬಾರದಿದ್ದರೆ ಹ್ಯಾಕ್ಸಾದಿಂದ ಕೊಯ್ದುಬಿಡು, ಅದು ಹೇಗೂ ಎಸೆಯುವುದೇ. ಆದರೆ ಎಂಜಿನ್ ಪಕ್ಕದ ಮ್ಯಾನಿಫೋಲ್ಡ್ (ಎಂಜಿನ್‌ನ ಹೊಗೆ ಒಟ್ಟುಗೂಡಿ ಬರುವ ಕವಲು ಪೈಪು) ಸ್ಟಡ್‌ಗಳಿಗೆ ಬಲ ಹಾಕಬೇಡ. ಅವು ಮುರಿದರೆ ಲೇತ್ ಅಂಗಡಿಗೆ ಹೋಗಬೇಕಾಗುತ್ತದೆ. ಅಲ್ಲಿ ಬಾರದಿದ್ದರೆ ಅಷ್ಟು ಮಾತ್ರ ಗ್ಯಾರೇಜಿನವರ ಕೈಲೇ ಬಿಚ್ಚಿಸು. ವೆಲ್ಡಿಂಗ್, ಗ್ರೈಂಡರ್, ಬೆಂಕಿ ತೋರಿಸಿ ಬೋಲ್ಟು ಸಡಿಲಿಸುವುದು, ಇವು ಯಾವುದೂ ಕಾರಿನ ಕೆಳಗೆ ಬೇಡ. ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಪೈಪು ಅಲ್ಲೇ ಇವೆ.

ರಬ್ಬರ್ ಹ್ಯಾಂಗರ್‌ಗೆ ಸೋಪಿನ ನೀರು ಹಾಕಿದರೆ ಸಲೀಸಾಗಿ ಜಾರುತ್ತದೆ. ಕೊನೆಯ ರಬ್ಬರ್ ತೆಗೆಯುವ ಮೊದಲು ಪೈಪಿನ ಕೆಳಗೆ ಏನಾದರೂ ಆಧಾರ ಕೊಡು. ಸೆನ್ಸರ್ ಇರುವ ಭಾಗ ಇಳಿಸುವುದಾದರೆ ಅದರ ವೈರನ್ನು ಮೊದಲೇ ಕಳಚು, ಪೈಪಿನ ಭಾರ ವೈರಿಗೆ ಬೀಳಬಾರದು. ಕನ್ನಡಕ ಹಾಕಿಕೋ ಮಾರಾಯ, ಮಲಗಿ ಮೇಲೆ ನೋಡುವಾಗ ತುಕ್ಕು ನೇರ ಕಣ್ಣಿಗೇ ಉದುರುತ್ತದೆ.

ಹೊಸದು ಹಾಕುವಾಗ ಮುಂದಿನ ಜಾಯಿಂಟ್ ಪೂರ್ತಿ ಬಿಗಿ ಮಾಡಿಬಿಟ್ಟರೆ ಹಿಂದೆ ಪೈಪು ಸೊಟ್ಟಗಾಗುತ್ತದೆ. ಎಲ್ಲವನ್ನೂ ಕೈಬಿಗಿಯಲ್ಲಿ ಜೋಡಿಸು, ರಬ್ಬರಿನಲ್ಲಿ ನೇತುಹಾಕು, ಬಾಡಿಗೆ, ಟ್ಯಾಂಕಿಗೆ, ಬ್ರೇಕ್ ಪೈಪಿಗೆ, ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ಎಲ್ಲೂ ತಾಗುತ್ತಿಲ್ಲ ಅಂತ ಕೈಯಾಡಿಸಿ ನೋಡು. ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬಾ. ಹಳೆ ಗ್ಯಾಸ್ಕೆಟ್ ಮತ್ತೆ ಹಾಕಬೇಡ, ಎಷ್ಟೇ ಚೆನ್ನಾಗಿ ಕಂಡರೂ. ಶಾಖ ತಡೆಯುವ ತಗಡುಗಳನ್ನು ಸದ್ದು ಮಾಡುತ್ತವೆ ಅಂತ ಕಿತ್ತೆಸೆಯುವವರಿದ್ದಾರೆ, ಅದನ್ನು ಮಾಡಬೇಡ. ನಮ್ಮ ಕಡೆ ರಸ್ತೆಯಲ್ಲಿ ಹುರುಳಿ ಒಕ್ಕಣೆ ಮಾಡುವ ಕಾಲದಲ್ಲಿ ಸೊಪ್ಪು ಕಾರಿನಡಿ ಸುತ್ತಿಕೊಂಡು ಗಾಡಿಗೆ ಬೆಂಕಿ ಹತ್ತಿದ್ದುಂಟು. ಅಲ್ಲಿ ನೀವು ಒಣ ಹುಲ್ಲಿನ ಮೇಲೆ ನಿಲ್ಲಿಸುತ್ತೀರಲ್ಲ, ಅದೂ ಅಷ್ಟೇ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಸ ಪೈಪಿನ ಎಣ್ಣೆ, ಪೇಂಟ್ ಸುಟ್ಟು ಸ್ವಲ್ಪ ಹೊಗೆ, ಕಮಟು ವಾಸನೆ ಬರುತ್ತದೆ. ಹೆದರಬೇಡ. ಹಿಂದಿನಿಂದ ನೀರು ತೊಟ್ಟಿಕ್ಕಿದರೂ ಸರಿಯೇ. ಅದೇ ಬಟ್ಟೆಯ ಪರೀಕ್ಷೆ ಮತ್ತೊಮ್ಮೆ ಮಾಡು, ಬುಸ್ ಅನ್ನಬಾರದು. ನೂರು ಕಿಲೋಮೀಟರ್‌ನಷ್ಟು ಓಡಿದ ಮೇಲೆ ತಣ್ಣಗಾದಾಗ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡು. ವಾರಕ್ಕೊಮ್ಮೆ ಕಾರನ್ನು ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸು ಅಂತ ಅಣ್ಣನಿಗೂ ಹೇಳು.

ಸ್ಪ್ಯಾನರ್ ಹಾಕುವ ಮೊದಲು ಮುಂದಿನ ಜಾಯಿಂಟಿನ ಫೋಟೋ ಹತ್ತಿರದಿಂದ ತೆಗೆದು ನನಗೆ ಕಳಿಸು. ಸ್ಟಡ್ ನೋಡಿದರೆ ಬರುತ್ತದೋ ಇಲ್ಲವೋ ಹೇಳುತ್ತೇನೆ. ಗ್ಯಾಸ್ಕೆಟ್ ಅಲ್ಲಿ ಸಿಗದಿದ್ದರೆ ಶುಕ್ರವಾರದೊಳಗೆ ತಿಳಿಸು, ಇಲ್ಲಿಂದ ಬಸ್ಸಿಗೆ ಹಾಕಿ ಕಳಿಸುತ್ತೇನೆ.