ಪದಚರ್ಚೆ: ಮಂಗಟ್ಟೆ ಕಾಯುವವರನ್ನು ಏನೆಂದು ಕರೆಯೋಣ? ಫಲಕದಲ್ಲಿ ‘ಡಿಸ್ಟರ್ಬ್’ಗೆ ಯಾವ ಮಾತು?

ವಿರಾಜಪೇಟೆಯಿಂದ:

ಬಲ್ಲವರಿಗೆ ನಮಸ್ಕಾರ. ಎರಡು ಪದ ಬೇಕು, ಗುರುವಾರದೊಳಗೆ. ಶುಕ್ರವಾರ ಪೇಂಟರ್ ಬರುತ್ತಾರೆ.

ಬ್ರಹ್ಮಗಿರಿ ತಪ್ಪಲಿನ ತೋಟಗಳಲ್ಲಿ ದೊಡ್ಡ ಮಂಗಟ್ಟೆ (ಗ್ರೇಟ್ ಹಾರ್ನ್‌ಬಿಲ್) ಹಕ್ಕಿ ಮರಿ ಮಾಡುವ ಮರಗಳಿವೆ. ಜನವರಿ ಕೊನೆಯಿಂದ ಮೇ ಕೊನೆಯವರೆಗೆ ಅವುಗಳ ಕಾವಲಿಗೆ ನಿಲ್ಲುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲ ಬರೆದದ್ದು ಇಂಗ್ಲೆಂಡಿನ ಕಡಲತೀರದಲ್ಲಿ ಪುಟ್ಟ ರೀವ (ಲಿಟಲ್ ಟರ್ನ್) ಹಕ್ಕಿಗಳನ್ನು ಕಾಯುವ ‘ಸೀಸನಲ್ ರೇಂಜರ್’ಗಳಿಗೆ. ನಮ್ಮಲ್ಲಿ ರೇಂಜರ್ ಎಂದರೆ ವಲಯ ಅರಣ್ಯಾಧಿಕಾರಿ. ನಾಲ್ಕು ತಿಂಗಳ ದಿನಗೂಲಿಯವರ ಜಾಕೆಟ್ ಮೇಲೆ ಅದನ್ನು ಬರೆಸುವಂತಿಲ್ಲ. ಮೊದಲ ಪದ ಅದು.

ಎರಡನೆಯದೇ ಕಷ್ಟ. ‘ಹಕ್ಕಿಗಳಿಗೆ ತೊಂದರೆ ಕೊಡಬೇಡಿ’ ಎಂದರೆ, ನಾವು ಕಲ್ಲು ಹೊಡೆದಿಲ್ಲ, ಕೂಗಿಲ್ಲ, ನಮ್ಮಿಂದೇನು ತೊಂದರೆ ಎನ್ನುತ್ತಾರೆ. ಮರದಡಿ ಸುಮ್ಮನೆ ನಿಂತರೂ ಕೇಡೇ ಎಂಬುದು ಮಾತಿನಲ್ಲಿ ಬರಬೇಕು. ಫಲಕ 3 ಅಡಿಗೆ 2 ಅಡಿ, ಅಕ್ಷರ 3 ಇಂಚು. ನಾಲ್ಕು ಸಾಲು ಮೀರಬಾರದು.

ಮೈಸೂರಿನಿಂದ:

ನೀಡರಕ್ಷಕ. ನೀಡಭಂಗ. ನೀಡ ಎಂದರೆ ಸಂಸ್ಕೃತದಲ್ಲಿ ಗೂಡು. ತಪೋಭಂಗ, ನಿದ್ರಾಭಂಗ ಇರುವ ಹಾಗೆ. ‘ಗೂಡುಭಂಗ’ ಎಂದು ಮಾತ್ರ ಮಾಡಬೇಡಿ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಹಳೆಯ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ಕೊಟ್ಟ ವಿನಾಯಿತಿ ತೋಟದ ಬೋರ್ಡಿಗೆ ಸಿಗುವುದಿಲ್ಲ.

ಸಾಗರದಿಂದ:

‘ನೀಡ’ ಎಂದು ಬರೆದರೆ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಒಬ್ಬರಿಗೂ ತಿಳಿಯದು. ಅರ್ಧ ಜನ ‘ನೀಡು’ ಎಂದು ಓದಿಕೊಳ್ಳುತ್ತಾರೆ. ಗೂಡುಗಾವಲಿಗ ಎನ್ನಿ. ಆದೇಶಸಂಧಿ ಸಲೀಸಾಗಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಹಕ್ಕಿ ಮೊಟ್ಟೆಗೆ ಕೊಡುವ ಕಾವು ಮತ್ತು ಮನುಷ್ಯ ಕೂರುವ ಕಾವಲು ಒಂದೇ ಬೇರಿನವು. ಹಕ್ಕಿಯೂ ಕಾಯುತ್ತದೆ, ಕಾವಲಿಗನೂ ಕಾಯುತ್ತಾನೆ. ಕನ್ನಡಕ್ಕೆ ಇಂಥ ಪದ ಸಿಕ್ಕಿರುವಾಗ ಸಂಸ್ಕೃತದ ಬಾಗಿಲಿಗೆ ಯಾಕೆ ಹೋಗಬೇಕು?

ಮೈಸೂರಿನಿಂದ:

ಒಂದೇ ಬೇರಲ್ಲ. ಕಾಪಾಡುವ ‘ಕಾ’ ಬೇರೆ, ಬಿಸಿಯಾಗುವ ‘ಕಾಯ್’ ಬೇರೆ. ತಮಿಳಿನಲ್ಲಿ ಇವತ್ತಿಗೂ ಬೇರೆ ಬೇರೆ ಇವೆ. ಹೊಸಗನ್ನಡದಲ್ಲಿ ಎರಡೂ ‘ಕಾಯು’ ಆದವು, ಅಷ್ಟೇ. ಕಿವಿಗೆ ಇಂಪಾದದ್ದೆಲ್ಲ ನಿಷ್ಪತ್ತಿಯಲ್ಲ.

ಭಾಗಮಂಡಲದಿಂದ:

ಬೇರಿನ ಜಗಳ ಆಮೇಲೆ ಆಡಿ. ಮಂಗಟ್ಟೆಗೆ ಗೂಡೇ ಇಲ್ಲ. ಅದು ಕಡ್ಡಿ ತಂದು ಕಟ್ಟುವುದಿಲ್ಲ. ತಾರೆ, ಬೂರುಗ, ಧೂಪದಂಥ ದೊಡ್ಡ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ‘ಗೂಡು’ ಎಂದು ಓದಿದವರು ಕೊಂಬೆ ಕೊಂಬೆ ಹುಡುಕುತ್ತ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲುತ್ತಾರೆ. ಪದ ‘ಪೊಟರೆ’.

ಇನ್ನು ಡಿಸ್ಟರ್ಬೆನ್ಸ್. ಕೈಪಿಡಿಯ ರೀವಗಳದ್ದು ಬೇರೆ ಕಥೆ. ರೀವ ಬಯಲಿನ ಮರಳು, ಬೆಣಚುಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಜನ ಬಂದರೆ ತಾಯಿ ಏಳುತ್ತದೆ, ಮೊಟ್ಟೆ ಬಿಸಿಲಿಗೋ ಚಳಿಗೋ ಬೀಳುತ್ತದೆ, ಕಾಗೆ ಎತ್ತಿಕೊಂಡು ಹೋಗುತ್ತದೆ. ಅದಕ್ಕೆ ‘ಕಾವಿನಿಂದ ಎಬ್ಬಿಸಬೇಡಿ’ ಎಂದರೆ ಸರಿ. ಮಂಗಟ್ಟೆಯ ಹೆಣ್ಣು ಏಳುವುದೇ ಇಲ್ಲ, ಏಳಲು ಆಗುವುದೂ ಇಲ್ಲ. ಪೊಟರೆಯೊಳಗೆ ಸೇರಿ ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಯಿ ಮುಚ್ಚಿಕೊಂಡಿರುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಒಳಗೇ ರೆಕ್ಕೆಯ ಗರಿ ಉದುರಿಸಿ ಹೊಸತು ಬೆಳೆಸಿಕೊಳ್ಳುತ್ತದೆ. ಮೊಟ್ಟೆ ಒಡೆಯಲು 38–40 ದಿನ, ಎಲ್ಲ ಸೇರಿ ನಾಲ್ಕು ತಿಂಗಳ ಹತ್ತಿರ. ಹೆಣ್ಣು ಒಳಗಿರುವಷ್ಟು ದಿನವೂ ಅತ್ತಿ, ಆಲ, ರಾಮಪತ್ರೆಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಮೇಲೆ ತಂದು ಸೀಳಿನಲ್ಲಿ ಕೊಡುವುದು ಗಂಡು. ಮರದಡಿ ಜನ ಕಂಡರೆ ಅದು ದೂರದ ಮರದಲ್ಲಿ ಕೂತು, ಕಾದು, ಹಾಗೇ ಹೊರಟುಹೋಗುತ್ತದೆ. ನಿಂತವರಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಒಳಗೆ ಹಸಿವು.

ಆದ್ದರಿಂದ ಇಲ್ಲಿ ಭಂಗವೂ ಅಲ್ಲ, ತೊಂದರೆಯೂ ಅಲ್ಲ. ತಪ್ಪುವುದು ಗುಟುಕು. ‘ಗುಟುಕು ತಪ್ಪಿಸಬೇಡಿ.’

ಕೈಪಿಡಿಗೂ ನಾಲ್ಕು ಮಾತು ಸೇರಿಸಿ. ಕಾವಲಿನವರು ಬೆಳಕು ಹರಿಯುವ ಮೊದಲೇ ಮರದಿಂದ 50 ಮೀಟರಾದರೂ ದೂರದಲ್ಲಿ, ಮರೆಯಲ್ಲಿ ಕೂತಿರಬೇಕು. ಗಂಡು ಬರುವ ಹೊತ್ತಿಗೆ ಓಡಾಡುತ್ತಿದ್ದರೆ ಅವರೇ ಡಿಸ್ಟರ್ಬೆನ್ಸ್. ಗಂಡು ಬಂದ ಹೊತ್ತು, ಕೊಟ್ಟದ್ದೋ ಕೊಡದೆ ತಿರುಗಿದ್ದೋ, ಪ್ರತಿ ಸಲ ಬರೆಯಬೇಕು. ಜನ ಬಂದ ದಿನ ಎರಡು ಗುಟುಕಿನ ನಡುವಿನ ಅಂತರ ಎಷ್ಟು ಹಿಗ್ಗಿತು ಎಂಬುದು ಆ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕುವುದು, ಫ್ಲ್ಯಾಶ್, ಡ್ರೋನ್ ಮೂರನ್ನೂ ಹೆಸರು ಹಿಡಿದೇ ಬರೆಯಿರಿ. ಆ ಮರದ ಸುತ್ತ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮರಿ ಹಾರಿದ ಮೇಲೆಯೇ. ಎಲ್ಲರೂ ಎಡವುವುದು ಕೊನೆಯಲ್ಲಿ: ದೊಡ್ಡ ಮಂಗಟ್ಟೆಯ ಹೆಣ್ಣು ಮರಿಗಿಂತ ಮೊದಲೇ ಹೊರಬರುತ್ತದೆ, ಮರಿ ಒಳಗಿಂದ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ. ಹೆಣ್ಣು ಹಾರಾಡುವುದು ಕಂಡು ಎಲ್ಲ ಮುಗಿಯಿತೆಂದು ಕಾವಲು ತೆಗೆದರೆ ಒಳಗಿನ ಮರಿ ಕೆಟ್ಟಂತೆ.

ಸಾಗರದಿಂದ:

ಪೊಟರೆ ಒಪ್ಪಿದೆ. ಪೊಟರೆಗಾವಲಿಗ.

ಕಕ್ಕಬ್ಬೆಯಿಂದ:

ನಮ್ಮೂರಿನ ಮಾತೊಂದಿದೆ. ಊರ ಹಬ್ಬಕ್ಕೆ ಮೊದಲು ‘ಕಟ್ಟು’ ಬೀಳುತ್ತದೆ. ಆ ದಿನಗಳಲ್ಲಿ ಹಸಿ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ. ಹಬ್ಬ ಮುಗಿದ ಮೇಲೆ ಕಟ್ಟು ಸಡಿಲ. ಒಂದು ಅವಧಿಗೆ ಮಾತ್ರ ಇರುವ ನಿರ್ಬಂಧಕ್ಕೆ ಇದಕ್ಕಿಂತ ಒಳ್ಳೆಯ ಪದ ಯಾವ ಕೋಶದಲ್ಲೂ ಸಿಗದು. ‘ಮೇ ಕೊನೆಯವರೆಗೆ ಇಲ್ಲಿ ಕಟ್ಟು’ ಎಂದು ಬರೆಯಿರಿ, ಊರಿನವರಿಗೆ ಬೇರೆ ವಿವರಣೆ ಬೇಡ.

ಬೆಂಗಳೂರಿನಿಂದ:

ಊರಿನವರು ಫೋಟೋ ತೆಗೆಯಲು ಬರುತ್ತಿಲ್ಲ, ನಾವು ಬರುತ್ತೇವೆ. ನಮಗೆ ಕಟ್ಟು ಎಂದರೆ ಕಟ್ಟಡ. ‘ಡಿಸ್ಟರ್ಬ್ ಮಾಡಬೇಡಿ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಕಾವಲಿನವರಿಗೂ ‘ವಾಚರ್’ ಎನ್ನಿ. ಇಲಾಖೆಯಲ್ಲಿ, ತೋಟದಲ್ಲಿ ಎಲ್ಲರ ಬಾಯಲ್ಲಿರುವುದು ಅದೇ. ತೋಟದ ಲೆಕ್ಕ ಬರೆಯುವ ‘ರೈಟರ್’ ಕನ್ನಡವಾಗಿಲ್ಲವೇ? ಅವರನ್ನು ‘ಬರಹಗಾರ’ ಎಂದು ಕರೆದು ನೋಡಿ.

ಸಾಗರದಿಂದ:

ರೈಟರ್ ಬಂದಾಗ ಆ ಕೆಲಸವೇ ಹೊಸದು, ಪದ ಕೆಲಸದ ಜೊತೆ ಬಂತು. ಕಾವಲು ನಮ್ಮಲ್ಲಿ ಹಿಂದಿನಿಂದಲೂ ಇದೆ. ಇಲ್ಲದ್ದಕ್ಕೆ ಸಾಲ ತನ್ನಿ, ಇದ್ದುದನ್ನು ಅಡವಿಟ್ಟು ಸಾಲ ತರಬೇಡಿ.

ಬೆಂಗಳೂರಿನಿಂದ:

‘ಗಾವಲಿಗ’ ಎಂದು ಯಾರೂ ಮಾತಾಡುವುದಿಲ್ಲ. ನಿಘಂಟಿನಲ್ಲಿ ಸಂಸಾರ ಮಾಡುವ ಪದ.

ಭಾಗಮಂಡಲದಿಂದ:

ಮತ್ತೊಂದು ಮಾತು, ಇದೇ ಮುಖ್ಯ. ಫಲಕದಲ್ಲಿ ಗೂಡು, ಪೊಟರೆ, ಮಂಗಟ್ಟೆ ಯಾವುದೂ ಬೇಡ. ಅದು ಕ್ಯಾಮೆರಾದವರಿಗೆ ಕೈಮರ. ಫಲಕವನ್ನು ಮರದ ಹತ್ತಿರ ನೆಡಲೂಬೇಡಿ. ತೋಟದ ರಸ್ತೆಯಿಂದ ಕಾಲುದಾರಿ ಒಡೆಯುವಲ್ಲಿ, ಅಲ್ಲಿಂದ ಮರ ಕಾಣದ ಹಾಗೆ ನೆಡಿ. ಮರಕ್ಕೆ ಮೊಳೆ ಹೊಡೆಯಬೇಡಿ, ಕಂಬ ಹಾಕಿ. ಹಳದಿ ರಿಬ್ಬನ್ ಸುತ್ತುವುದೂ ಬೇಡ.

ಮೈಸೂರಿನಿಂದ:

ಹೆಸರೇ ಇಲ್ಲದಿದ್ದರೆ ನಾಮಪದದ ಚರ್ಚೆ ಮುಗಿಯಿತು. ‘ಗುಟುಕು’ ಒಪ್ಪುತ್ತೇನೆ. ನೀಡಭಂಗ ಹಿಂತೆಗೆದುಕೊಂಡಿದ್ದೇನೆ. ಕಾವು–ಕಾವಲಿನ ವಿಷಯದಲ್ಲಿ ಇಲ್ಲ.

ವಿರಾಜಪೇಟೆಯಿಂದ:

ಎಲ್ಲರಿಗೂ ಕೃತಜ್ಞತೆ. ಪೇಂಟರಿಗೆ ಕೊಟ್ಟ ಸಾಲು:

ಮುಂದೆ ಹೋಗಬೇಡಿ
ಹಕ್ಕಿ ಮರಿ ಮಾಡುವ ಕಾಲ
ನೀವು ನಿಂತರೆ ಗುಟುಕು ನಿಲ್ಲುತ್ತದೆ
ಮೇ ಕೊನೆಯವರೆಗೆ ಕಟ್ಟು

ಕಕ್ಕಬ್ಬೆಯವರ ‘ಕಟ್ಟು’ ಉಳಿಸಿಕೊಂಡೆ. ಮೇಲಿನ ಮೂರು ಸಾಲು ಓದಿದವರಿಗೆ ನಾಲ್ಕನೆಯದು ತಾನಾಗಿ ತಿಳಿಯುತ್ತದೆ. ಜಾಕೆಟ್ ಮೇಲೆ ‘ಹಕ್ಕಿ ಕಾವಲು’ ಎಂದಷ್ಟೇ. ಪೊಟರೆ ಕೈಪಿಡಿಯೊಳಗೆ ಹೋಯಿತು, ‘ಕಾವಿನಿಂದ ಎಬ್ಬಿಸು’ ರೀವಗಳ ಅಧ್ಯಾಯಕ್ಕೆ. ‘ಹಿಕ್ಕೆ’ ಎಂದು ಬರೆದದ್ದಕ್ಕೆ ಕರಡು ತಿದ್ದುವವರು ‘ಮಲ’ ಮಾಡಿದ್ದಾರೆ, ವಾಪಸ್ ಹಾಕಿಸುತ್ತಿದ್ದೇನೆ.

ಸಾಗರದಿಂದ:

ಹಿಕ್ಕೆಯೇ ಇರಲಿ. ಬಿಡಬೇಡಿ.