ನಾವು, ನಮ್ಮಷ್ಟು, ನಮ್ಮರ್ಧ: ಮಕ್ಕಳ ಜತೆ ಕನ್ನಡದಲ್ಲೇ ಲೆಕ್ಕದ ಒಗಟು

ಪ್ರಶ್ನೆ:

ಮಗಳಿಗೆ 9 ವರ್ಷ, ಮಗನಿಗೆ 12. ಮನೆಯಲ್ಲಿ ಕನ್ನಡ ಇದೆ, ಆದರೆ ಊಟ, ಸ್ನಾನ, ಶೂ ಹಾಕ್ಕೋ, ಹೊರಡು ಅನ್ನೋದರಲ್ಲೇ ಮಾತು ಮುಗಿದುಹೋಗುತ್ತೆ. ಇಬ್ಬರಿಗೂ ಲೆಕ್ಕ ಅಂದ್ರೆ ಇಷ್ಟ. ಕನ್ನಡದಲ್ಲಿ ಲೆಕ್ಕದ ಒಗಟು ಹೇಳಿ ಬಿಡಿಸೋ ಅಭ್ಯಾಸ ಮಾಡಿಸಬೇಕು ಅಂತಿದೀವಿ. ಯಾವ ಒಗಟಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ, ಗೊತ್ತಿರೋರು ವಿವರವಾಗಿ ಹೇಳಿ.

ಲೆಸ್ಟರ್‌ನಿಂದ ಉತ್ತರ:

ಅಕ್ಕ, ಶುರು ಮಾಡೋಕೆ ನಮ್ಮ ಹಳೇ ಗಿಳಿ ಒಗಟೇ ಸರಿ. ಮರದ ಮೇಲೆ ಗಿಳಿಗಳ ಹಿಂಡು ಕೂತಿದೆ. ಒಂಟಿ ಗಿಳಿಯೊಂದು ಹಾರಿ ಬಂದು "ನೂರು ಗಿಳಿಗಳಿಗೆ ನಮಸ್ಕಾರ" ಅಂತು. ಹಿಂಡಿನ ಹಿರಿಗಿಳಿ ಹೇಳಿತು: "ನಾವು ನೂರಿಲ್ಲಪ್ಪ. ನಾವು, ನಮ್ಮಷ್ಟು, ನಮ್ಮರ್ಧ, ಅದರರ್ಧ, ನೀನೂ ಸೇರಿದರೆ ನೂರು." ಹಿಂಡಿನಲ್ಲಿ ಎಷ್ಟು ಗಿಳಿ?

ಉತ್ತರ 36. ಬಿಡಿಸೋಕೆ ಎಕ್ಸ್ ವೈ ಬೇಡವೇ ಬೇಡ. ಹಿಂಡನ್ನು ಕಾಗದದ ಮೇಲೆ ನಾಲ್ಕು ಚೌಕವಾಗಿ ಬರೆಸಿ. ನಾವು ಅಂದರೆ 4 ಚೌಕ, ನಮ್ಮಷ್ಟು ಅಂದರೆ ಇನ್ನು 4, ನಮ್ಮರ್ಧ 2, ಅದರರ್ಧ 1. ಒಟ್ಟು 11 ಚೌಕ. ನೂರರಲ್ಲಿ ಬಂದ ಗಿಳಿಯನ್ನು ತೆಗೆದರೆ 99. ಅದನ್ನು 11 ಚೌಕಕ್ಕೆ ಹಂಚಿದರೆ ಚೌಕಕ್ಕೆ 9. ಹಿಂಡು ನಾಲ್ಕು ಚೌಕ, ಅಂದರೆ 36. ತಾಳೆ ನೋಡಿ: 36, 36, 18, 9, 1. ನೂರು.

ಈ ಒಗಟಿನ ಹೆಚ್ಚುಗಾರಿಕೆ ಬೇರೆಯೇ ಇದೆ. ಇದರಲ್ಲಿ ಅಂಕಿ ಅನ್ನೋದು ನೂರು ಒಂದೇ. ಉಳಿದ ಲೆಕ್ಕವೆಲ್ಲ ಅಷ್ಟು, ಅದರ, ಊ ಅನ್ನೋ ಚಿಕ್ಕ ಚಿಕ್ಕ ತುಣುಕುಗಳ ಮೇಲೆ ನಿಂತಿದೆ. ಮಕ್ಕಳು ಕನ್ನಡ ತಪ್ಪಾಗಿ ಕೇಳಿಸಿಕೊಂಡರೆ ಲೆಕ್ಕವೇ ಅದನ್ನು ಹಿಡಿದುಕೊಡುತ್ತೆ. "ನೀನೂ" ಅನ್ನೋದರ ಕೊನೇ ಊಕಾರ ಬಿಟ್ಟುಹೋದರೆ ನೂರನ್ನು 11ಕ್ಕೆ ಹಂಚಬೇಕಾಗುತ್ತೆ, ಒಂದು ಉಳಿಯುತ್ತೆ. ಆ ಉಳಿದ ಒಂದೇ ಹಾರಿಬಂದ ಗಿಳಿ! "ಅದರರ್ಧ" ಅನ್ನೋದನ್ನು ಮತ್ತೊಂದು "ನಮ್ಮರ್ಧ" ಅಂತ ತಿಳಿದರೆ ಹಿಂಡು 33 ಬರುತ್ತೆ, ಅದರರ್ಧ ಹದಿನಾರೂವರೆ ಗಿಳಿ. ಮೊದಲನೇ "ನಾವು" ಬರೀ ಪೀಠಿಕೆ ಅಂತ ಬಿಟ್ಟರೆ 7 ಚೌಕ ಆಗುತ್ತೆ, 99 ಏಳಕ್ಕೆ ಭಾಗವಾಗೋಲ್ಲ. ಹೀಗೆ ಮೂರು ತಪ್ಪೂ ತಾವಾಗಿಯೇ ಬಯಲಾಗುತ್ತವೆ. ನೀವು "ತಪ್ಪು" ಅನ್ನಬೇಕಾಗಿಲ್ಲ. "ಹಿರಿಗಿಳಿ ಹೇಳಿದ್ದನ್ನು ಇನ್ನೊಂದು ಸಲ ಹೇಳು" ಅಂದರೆ ಸಾಕು.

ಮಗಳಿಗೆ ಇಂಥ ತುಣುಕುಗಳನ್ನು ಒಂದೊಂದಾಗಿ ಕೊಡಿ. "ಅಜ್ಜಿ ಆರು ಮಕ್ಕಳಿಗೆ ಎರಡು ಚಕ್ಕುಲಿ ಕೊಟ್ಟಳು", "ಅಜ್ಜಿ ಆರು ಮಕ್ಕಳಿಗೆ ಎರಡೆರಡು ಚಕ್ಕುಲಿ ಕೊಟ್ಟಳು". ಮೊದಲನೇದರಲ್ಲಿ ಡಬ್ಬಿಯಿಂದ ಹೋದದ್ದು 2, ಎರಡನೇದರಲ್ಲಿ 12. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಈ ಜೋಡಿಪದ ಕಿವಿಗೇ ಬೀಳೋಲ್ಲ, ಎರಡು ಸಲ ಹೇಳಿದರು ಅಷ್ಟೇ ಅಂದುಕೊಳ್ಳುತ್ತಾರೆ. ಹಾಗೇ "17 ಕುರಿಯಲ್ಲಿ 9 ಬಿಟ್ಟು ಮಿಕ್ಕವೆಲ್ಲ ಓಡಿಹೋದವು, ಎಷ್ಟು ಉಳಿದವು?" ಅಂತ ಕೇಳಿ. ಅವಸರದವರು 8 ಅನ್ನುತ್ತಾರೆ. "ಬಿಟ್ಟು" ಅನ್ನೋದನ್ನು ಕೇಳಿಸಿಕೊಂಡವರು 9 ಅನ್ನುತ್ತಾರೆ. "ಮೂರು ಪಟ್ಟು" ಮತ್ತು "ಮೂರು ಹೆಚ್ಚು" ಇವೆರಡನ್ನೂ ಒಂದೇ ಒಗಟಿನಲ್ಲಿ ಇಟ್ಟು ನೋಡಿ, ಅಲ್ಲೂ ಹೀಗೇ.

ಆಮೇಲೆ ದೇವಸ್ಥಾನದ ಹೂವು. ಭಕ್ತ ಒಂದಿಷ್ಟು ಹೂವು ಹಿಡಿದು ಹೊರಟ. ಮೂರು ದೇವಸ್ಥಾನ, ಪ್ರತಿಯೊಂದರ ಮುಂದೂ ಒಂದು ಕೊಳ. ಕೊಳದಲ್ಲಿ ಅದ್ದಿದರೆ ಹೂವು ಇಮ್ಮಡಿ ಆಗುತ್ತೆ. ಮೂರೂ ದೇವರಿಗೆ ಸಮನಾಗಿ ಏರಿಸಿದ, ಕೊನೆಗೆ ಕೈ ಖಾಲಿ. ಕನಿಷ್ಠ ಎಷ್ಟು ಹೂವು ತಂದಿದ್ದ, ಎಷ್ಟೆಷ್ಟು ಏರಿಸಿದ?

ಇದನ್ನು ಮುಂದಿನಿಂದ ಬಿಡಿಸೋಕೆ ಹೋದರೆ ಊಹೆ ಮಾಡ್ತಾ ಕೂರಬೇಕು. ಹಿಂದಿನಿಂದ ಬನ್ನಿ. ಏರಿಸಿದ್ದನ್ನು ಒಂದು ಬೊಗಸೆ ಅನ್ನಿ. ಕೊನೇ ದೇವರ ಮುಂದೆ ಕೈಯಲ್ಲಿದ್ದದ್ದು ಒಂದು ಬೊಗಸೆ. ಕೊಳಕ್ಕೆ ಅದ್ದೋ ಮುಂಚೆ ಅರ್ಧ. ಎರಡನೇ ದೇವರಿಗೆ ಏರಿಸೋ ಮುಂಚೆ ಒಂದೂವರೆ, ಅದಕ್ಕಿಂತ ಹಿಂದೆ ಮುಕ್ಕಾಲು. ಮೊದಲ ದೇವರ ಮುಂದೆ ಒಂದೂಮುಕ್ಕಾಲು, ಮನೆಯಿಂದ ಹೊರಟಾಗ ಅದರರ್ಧ: ಒಂದಕ್ಕೆ ಅರೆಕಾಲು ಕಡಿಮೆ. ಅರೆಕಾಲು ಅಂದರೆ ಎಂಟನೇ ಒಂದು ಭಾಗ. ಹೂವನ್ನು ಹರಿಯೋ ಹಾಗಿಲ್ಲ, ಹಾಗಾಗಿ ಬೊಗಸೆಯಲ್ಲಿ ಕನಿಷ್ಠ 8 ಹೂವು ಇರಬೇಕು. ತಂದದ್ದು 7, ಏರಿಸಿದ್ದು ತಲಾ 8. ಕಾಲು, ಅರ್ಧ, ಮುಕ್ಕಾಲು, ಅರೆಕಾಲು ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಿಸೋದಕ್ಕಿಂತ ಈ ಒಂದು ಒಗಟು ಸಾವಿರ ಪಾಲು ಮೇಲು, ಪದಗಳು ಒಂದರ ಕೈ ಹಿಡಿದು ಇನ್ನೊಂದು ಬರುತ್ತವೆ.

9 ವರ್ಷದವರಿಗೆ ಬೊಗಸೆ ಲೆಕ್ಕ ಮೊದಲೇ ಹೇಳಬೇಡಿ. 30 ರಾಜ್ಮಾ ಕಾಳು, ಒಂದು ಬಟ್ಟಲು, ಮೂರು ತಟ್ಟೆ ಕೊಡಿ. 7ರಿಂದ ಶುರು ಮಾಡಿ ಕೈಯಾರೆ ನಡೆಸಲಿ: 14 ಆಯಿತು, 8 ಏರಿಸಿದರೆ 6 ಉಳಿಯಿತು, 12 ಆಯಿತು, 4 ಉಳಿಯಿತು, 8 ಆಯಿತು, ಖಾಲಿ. ಆಮೇಲೆ ಅದನ್ನೇ ತಿರುಗುಮುರುಗಾಗಿ ಮಾಡಿಸಿ. ಕಾಳು 24ಕ್ಕಿಂತ ಕಡಿಮೆ ಇಟ್ಟರೆ ಕೊನೇ ಕೊಳದಲ್ಲಿ ಸಾಲದೆ ಹೋಗುತ್ತೆ, ಆಟ ಅಲ್ಲೇ ಕೆಡುತ್ತೆ. "ಕನಿಷ್ಠ" ಅನ್ನೋ ಮಾತು ಮರೆಯಬೇಡಿ, 14 ತಂದು 16 ಏರಿಸಿದರೂ ಸರಿಹೋಗುತ್ತೆ.

ಹೇಳೋ ಕ್ರಮ ಹೀಗಿರಲಿ. ಒಗಟನ್ನು ಎರಡು ಸಲ ಹೇಳಿ. ಮೂರನೇ ಸಲ ಮಗುವೇ ಕನ್ನಡದಲ್ಲಿ ತಿರುಗಿ ಹೇಳಬೇಕು, ಅಲ್ಲೀವರೆಗೂ ಪೆನ್ಸಿಲ್ ಮುಟ್ಟೋ ಹಾಗಿಲ್ಲ. ಗೊತ್ತಿಲ್ಲದ ಪದ ಬಂದರೆ ಇಂಗ್ಲಿಷ್ ಮಾಡಿ ಹೇಳದೆ ಕಾಳಿನಲ್ಲೋ ಬೆರಳಲ್ಲೋ ತೋರಿಸಿ. ದಿನಕ್ಕೆ ಒಂದೇ ಒಗಟು, 15 ನಿಮಿಷ. ಬರಲಿಲ್ಲ ಅಂದರೆ ನಾಳೆಗೆ ಇಡಿ, ಉತ್ತರ ಹೇಳಬೇಡಿ. ಉತ್ತರ ಬೇಗ ಹೇಳಿಬಿಡೋದೇ ನಾವು ದೊಡ್ಡವರು ಮಾಡೋ ದೊಡ್ಡ ತಪ್ಪು.

ಸ್ಟುಟ್‌ಗಾರ್ಟ್‌ನಿಂದ:

ಜರ್ಮನಿ, ನೆದರ್ಲೆಂಡ್ಸ್ ಕಡೆ ಇರೋರು ಒಂದು ವಿಷಯ ನೋಡಿಕೊಳ್ಳಬೇಕು. ಕನ್ನಡದಲ್ಲಿ ನಲವತ್ತೇಳು ಅಂದರೆ ಮೊದಲು ಹತ್ತು, ಆಮೇಲೆ ಬಿಡಿ. ಜರ್ಮನ್, ಡಚ್ ಎರಡರಲ್ಲೂ ಏಳು ಮೊದಲು, ನಲವತ್ತು ಆಮೇಲೆ. ಬಾಯಲ್ಲಿ ಹೇಳಿದ 47 ಕಾಗದದ ಮೇಲೆ 74 ಆಗೋದು ಇದರಿಂದ. ಒಗಟು ತಪ್ಪಿದಾಗ ತರ್ಕ ಕೆದಕೋ ಮುಂಚೆ ಬರೆದುಕೊಂಡ ಅಂಕಿ ನೋಡಿ, ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತೆ.

ಗಂಟೆಯ ಒಗಟಿನಲ್ಲಿ ಇನ್ನೂ ಕಷ್ಟ. ಜರ್ಮನ್‌ನಲ್ಲಿ "ಹಾಲ್ಪ್ ಡ್ರೈ" ಅಂದರೆ ಅಕ್ಷರಶಃ ಅರ್ಧ ಮೂರು, ಆದರೆ ಸಮಯ ಎರಡೂವರೆ. ಆ ಅಭ್ಯಾಸದ ಮಗು ನಮ್ಮ "ಎರಡೂವರೆ"ಯನ್ನು ಒಂದೂವರೆ ಅಂತ ಹಿಡಿಯುತ್ತೆ. ಎರಡು ಪೂರ್ತಿ ಆಗಿ, ಮೇಲೆ ಅರೆ ಸೇರಿತು ಅಂತ ಬಿಡಿಸಿ ತೋರಿಸಿದರೆ ಮತ್ತೆ ಎಡವೋಲ್ಲ. ದೊಡ್ಡ ಅಂಕಿ ಬರೆಯೋವಾಗ ನಾವು 1,48,608 ಅಂತೀವಿ, ಇಲ್ಲಿನ ಶಾಲೆಯಲ್ಲಿ 148.608 ಅಂತ ಚುಕ್ಕಿ ಇಡ್ತಾರೆ. ಎರಡೂ ಒಂದೇ ಅಂತ ಮೊದಲೇ ಹೇಳಿಬಿಡಿ.

ಒಂಬತ್ತರ ಹುಡುಗಿಗೆ ಇನ್ನೊಂದು ಒಗಟು: 270 ಅಡಿ ಬದುವಿನ ಮೇಲೆ 27 ಅಡಿಗೊಂದರಂತೆ ಈ ತುದಿಯಿಂದ ಆ ತುದಿವರೆಗೆ ತೆಂಗಿನ ಸಸಿ ನೆಟ್ಟರೆ ಎಷ್ಟು ಬೇಕು? 10 ಅಲ್ಲ, 11. ಅದೇ 270 ಅಡಿ ಒಂದು ತೋಟದ ಸುತ್ತಳತೆ ಆದರೆ 10 ಸಾಕು, ಕೊನೇದು ಮೊದಲನೇದರ ಮೇಲೇ ಬಂದು ಕೂರುತ್ತೆ. ಟೂತ್‌ಪಿಕ್ ನೆಟ್ಟು ಎರಡೂ ಮಾಡಿಸಿ.

ನ್ಯೂಜೆರ್ಸಿಯಿಂದ:

12 ವರ್ಷದವನಿಗೆ ಗಣಿತಜ್ಞ ಮಹಾವೀರಾಚಾರ್ಯರ ಲೆಕ್ಕಗಳನ್ನು ಕೊಡಿ. 9ನೇ ಶತಮಾನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮಗೆ ಸಿಕ್ಕಿರುವ ಮೊದಲ ಕನ್ನಡ ಕೃತಿ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಅರಸನ ಆಳ್ವಿಕೆಯಲ್ಲಿ. ಮಹಾವೀರರ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಬಂದದ್ದು 12ನೇ ಶತಮಾನದಲ್ಲಿ.

ಮಹಾವೀರರ ಮುತ್ತಿನ ಹಾರದ ಲೆಕ್ಕ ಹೀಗಿದೆ. ಹಾರ ಹರಿದು ಮುತ್ತು ಚೆಲ್ಲಿದವು. ಒಟ್ಟಿನ ಮೂರನೇ ಒಂದು ಭಾಗ ಸೇವಕಿಯ ಬಳಿಗೆ ಹೋಯಿತು, ಆರನೇ ಒಂದು ಭಾಗ ಹಾಸಿಗೆ ಮೇಲೆ ಬಿತ್ತು. ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಅರ್ಧರ್ಧ ಎಲ್ಲೆಲ್ಲೋ ಚೆಲ್ಲಿಹೋಯಿತು. ದಾರದಲ್ಲಿ ಉಳಿದದ್ದು 1161. ಹಾರದಲ್ಲಿ ಎಷ್ಟು ಮುತ್ತಿದ್ದವು?

1161ನ್ನು ಆರು ಸಲ ಇಮ್ಮಡಿ ಮಾಡುತ್ತಾ ಹಿಂದೆ ಬನ್ನಿ: 2322, 4644, 9288, 18,576, 37,152, 74,304. ಮೂರನೇ ಒಂದು, ಆರನೇ ಒಂದು ಸೇರಿದರೆ ಅರ್ಧ, ಆದ್ದರಿಂದ 74,304 ಮಿಕ್ಕ ಅರ್ಧ. ಒಟ್ಟು 1,48,608. ಎಡವುವ ಜಾಗ ಒಂದೇ: ಆರನೇ ಭಾಗ ಯಾವುದರದ್ದು? "ಒಟ್ಟಿನ" ಎನ್ನುವುದನ್ನು ಬಿಟ್ಟು ಮೂರನೇ ಒಂದು ಹೋದ ಮೇಲೆ ಉಳಿದದ್ದರ ಆರನೇ ಭಾಗ ಎಂದು ಹಿಡಿದರೆ 1,33,747 ಮುತ್ತು, ಮೇಲೆ ಒಂದು ಚೂರು ಬರುತ್ತದೆ. ಮುತ್ತಿನ ಚೂರು ಬಂದರೆ ವಾಕ್ಯಕ್ಕೆ ವಾಪಸ್ ಹೋಗಬೇಕು.

ಇನ್ನೊಂದು ಇದಕ್ಕಿಂತ ಸೊಗಸು. ಪಾರಿವಾಳ 3 ಪಣಕ್ಕೆ (ಪಣ ಅಂದರೆ ಹಳೆಯ ನಾಣ್ಯ) 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ರಾಜಕುಮಾರನ ವಿನೋದಕ್ಕೆ 100 ಪಣಕ್ಕೆ 100 ಹಕ್ಕಿ ತರಬೇಕು. ನಾಲ್ಕೂ ಬಗೆ ಇರಲಿ, ಕಟ್ಟು (5 ಪಾರಿವಾಳ ಒಂದು ಕಟ್ಟು, 7 ಸಾರಸ ಒಂದು ಕಟ್ಟು, ಹೀಗೆ) ಒಡೆಯದೆ ಕೊಳ್ಳಲಿ ಎಂದು ನಾವು ಸೇರಿಸಿಕೊಳ್ಳೋಣ.

ಸಮೀಕರಣ ಬರೆಯುವ ಮುಂಚೆ ಕಟ್ಟುಗಳನ್ನು ಸುಮ್ಮನೆ ನೋಡಲು ಹೇಳಿ. ಪಾರಿವಾಳ, ಸಾರಸ, ಹಂಸ ಮೂರರಲ್ಲೂ ಪಣಕ್ಕಿಂತ ಹಕ್ಕಿ ಎರಡು ಹೆಚ್ಚು. ನವಿಲಿನ ಕಟ್ಟಿನಲ್ಲಿ ಹಕ್ಕಿಗಿಂತ ಪಣ ಆರು ಹೆಚ್ಚು. ಹಕ್ಕಿಯೂ ಪಣವೂ ಸರಿಸಮ ಆಗಬೇಕಾದರೆ ಒಂದು ನವಿಲಿನ ಕಟ್ಟಿಗೆ ಬೇರೆ ಮೂರು ಕಟ್ಟು ಬರಲೇಬೇಕು. ಅರ್ಧ ಒಗಟು ಇಲ್ಲೇ ಬಿಡಿಸಿದಂತಾಯಿತು.

ಆ ಮೂರೂ ಪಾರಿವಾಳವಾದರೆ ನವಿಲು ಸೇರಿ 18 ಹಕ್ಕಿ, ಮೂರೂ ಹಂಸವಾದರೆ 30. ನವಿಲಿನ ಕಟ್ಟು 3 ಇದ್ದರೆ ಹೆಚ್ಚೆಂದರೆ 90 ಹಕ್ಕಿ, ಸಾಲದು. 6 ಇದ್ದರೆ ಕಡಿಮೆಯೆಂದರೂ 108, ಮೀರಿತು. ಹಾಗಾಗಿ 4 ಅಥವಾ 5. ಕಟ್ಟು 5 ಆದರೆ ಉಳಿದ 15 ಕಟ್ಟೂ ಪಾರಿವಾಳ ಎಂದುಕೊಂಡಾಗ 90 ಹಕ್ಕಿ, ಇನ್ನು 10 ಬೇಕು. ಒಂದು ಪಾರಿವಾಳದ ಕಟ್ಟು ಕೊಟ್ಟು ಸಾರಸ ತಂದರೆ 2 ಹೆಚ್ಚುತ್ತದೆ, ಹಂಸ ತಂದರೆ 4. ಹಂಸದ ಒಂದು ಕಟ್ಟು, ಸಾರಸದ ಮೂರು ಕಟ್ಟು ತಂದರೆ 10 ತುಂಬಿತು: ಪಾರಿವಾಳ 55, ಸಾರಸ 21, ಹಂಸ 9, ನವಿಲು 15. ಪಣ 33, 15, 7, 45. ನೂರು. ಹಂಸದ ಎರಡು ಕಟ್ಟು, ಸಾರಸದ ಒಂದು ಕಟ್ಟು ತಂದರೂ ಆಗುತ್ತದೆ. ಕಟ್ಟು 4 ಆದಾಗ ಇನ್ನೂ ನಾಲ್ಕು ಉತ್ತರ ಬರುತ್ತವೆ, ಒಟ್ಟು ಆರು. ಆ ನಾಲ್ಕನ್ನು ಹುಡುಗನಿಗೇ ಬಿಡಿ. ಒಂದು ಉತ್ತರ ಸಿಕ್ಕಿದ ಕೂಡಲೇ ನಿಲ್ಲಿಸುವುದು ಶಾಲೆಯ ಅಭ್ಯಾಸ. ಇಲ್ಲಿ "ಇನ್ನೂ ಇದೆಯಾ, ಎಲ್ಲ ಸಿಕ್ಕಿತು ಅಂತ ಹೇಗೆ ಗೊತ್ತು?" ಎಂದು ಕೇಳಿ. ಅದಕ್ಕೆ ಕನ್ನಡದಲ್ಲಿ ಕಾರಣ ಕೊಡಲು ಹೊರಟರೆ ಆದ್ದರಿಂದ, ಹೆಚ್ಚೆಂದರೆ, ಕಡಿಮೆಯೆಂದರೂ ಎಲ್ಲವೂ ಬಾಯಿಗೆ ಬರಲೇಬೇಕು. ಮನೆಮಾತಿನಲ್ಲಿ ಈ ಪದಗಳಿಗೆ ಕೆಲಸ ಸಿಗುವುದೇ ಅಪರೂಪ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಮಗ ಕೇಳ್ತಿದಾನೆ: 17 ಹಸು, ಅಪ್ಪನ ವಿಲ್‌ನಲ್ಲಿ ದೊಡ್ಡ ಮಗನಿಗೆ ಅರ್ಧ, ನಡುವಿನವನಿಗೆ ಮೂರನೇ ಒಂದು, ಚಿಕ್ಕವನಿಗೆ ಒಂಬತ್ತನೇ ಒಂದು. ಪಕ್ಕದ ಮನೆಯವರ ಒಂದು ಹಸು ಸೇರಿಸಿ 9, 6, 2 ಹಂಚಿ, ಆ ಹಸು ವಾಪಸ್ ಕೊಟ್ಟರು. ಇದು ಹೇಗೆ ಸರಿ?

ನ್ಯೂಜೆರ್ಸಿಯಿಂದ:

ಅವನ ಅನುಮಾನ ಸರಿಯಾಗಿದೆ. ಮೂರು ಪಾಲನ್ನೂ ಕೂಡಿಸಲು ಹೇಳಿ. 18ರಲ್ಲಿ 9, 6, 2 ಸೇರಿ 17 ಪಾಲು ಮಾತ್ರ. ಅಪ್ಪ ಪೂರ್ತಿ ಹಂಚಿಯೇ ಇಲ್ಲ, ಹದಿನೆಂಟರಲ್ಲಿ ಒಂದು ಪಾಲು ಯಾರಿಗೂ ಬರೆದಿಲ್ಲ. ಅದಕ್ಕೇ ಪಕ್ಕದ ಮನೆಯ ಹಸು ಮಿಕ್ಕಿತು. ಪ್ರತಿ ಮಗನಿಗೂ ವಿಲ್‌ನಲ್ಲಿ ಇದ್ದದ್ದಕ್ಕಿಂತ ಚೂರು ಹೆಚ್ಚೇ ಸಿಕ್ಕಿತು: ದೊಡ್ಡವನಿಗೆ ಎಂಟೂವರೆ ಬದಲು 9.

ಈಗ ಅವನೇ ಒಗಟು ಕಟ್ಟಲಿ. ಕೂಡಿದಾಗ ಒಂದಕ್ಕೆ ಒಂದು ಪಾಲು ಮಾತ್ರ ಕಡಿಮೆ ಬರುವ ಭಾಗಗಳನ್ನು ಹುಡುಕಬೇಕು. ಅರ್ಧ, ಕಾಲು, ಆರನೇ ಒಂದು ಆದರೆ 11 ಹಸು, ಏಕೆಂದರೆ 12ರಲ್ಲಿ 6, 3, 2. ತಂಗಿಗೆ ಹೇಳಲು ಇನ್ನೂ ಸುಲಭದ್ದು: 7 ಹಸು, ಅರ್ಧ, ಕಾಲು, ಅರೆಕಾಲು. ಹೂವಿನ ಒಗಟು ಬಿಡಿಸಿದವಳಿಗೆ ಅರೆಕಾಲು ಗೊತ್ತಿರುತ್ತದೆ, ಕಾಳಿನ ಬಟ್ಟಲೂ ಕೈಯಲ್ಲೇ ಇರುತ್ತದೆ.