ಜಿಲ್ಲೆಯಲ್ಲಿ ಗಾಂಜಾ, ಎಂಡಿಎಂಎ ತಡೆಗೆ ಕೇಂದ್ರದ ಹಣ: ಯಾರಿಗೆ ಮನವಿ, ಏನು ಕೇಳಬೇಕು?

ಕುಮಟಾ ಕಡೆಯವ:
ಮಾಜಾಳಿ ಗಡಿ, ಅನಮೋಡ ಘಾಟಿ, ಗೋಕರ್ಣದ ತೀರ, ಮೂರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ. ಮಾದಕ ವಸ್ತು ಪತ್ತೆಗೆ ಕೇಂದ್ರ ದುಡ್ಡು ಕೊಡುತ್ತದಂತೆ. ಅದು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆವರೆಗೆ ಬರುವ ದಾರಿ ಯಾವುದು? ಊರಿನ ಒಕ್ಕೂಟದಿಂದ ಮನವಿ ಕೊಡುವುದಿದೆ. ಸ್ಪೀಡ್ ಬೋಟು ಕೇಳೋಣ ಎಂಬ ಮಾತಿದೆ.

ಲೆಕ್ಕಪತ್ರ:
ಠಾಣೆಗೆ ನೇರವಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯ. ಸಂಬಳ, ಡೀಸೆಲ್, ಪ್ರಯಾಣ ಭತ್ಯೆ ಎಲ್ಲ ರಾಜ್ಯದ ಬಜೆಟ್ಟಿನದು. ಮಾದಕ ವಸ್ತು ನಿಯಂತ್ರಣಕ್ಕೆ ರಾಜ್ಯಗಳಿಗೆ ನೆರವು ಎಂಬ ಕೇಂದ್ರದ ಯೋಜನೆ ಇದೆ, ನಿಜ. ಆದರೆ 2021-22ರಿಂದ 2025-26ರವರೆಗೆ ಇಡೀ ದೇಶಕ್ಕೆ ಇಟ್ಟದ್ದು 50 ಕೋಟಿ. ವರ್ಷಕ್ಕೆ ಹತ್ತೇ ಕೋಟಿ, ಅದರಲ್ಲಿ ಎಲ್ಲ ರಾಜ್ಯಗಳಿಗೂ ಪಾಲು! ಅದೇ ಅವಧಿಗೆ ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ 2,080.50 ಕೋಟಿ ಇಟ್ಟಿದ್ದರು. ಪೊಲೀಸ್ ಆಧುನೀಕರಣದ ಹಣ ಬೇರೆ. ಅದರಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40.

ಮನವಿಯನ್ನು ಜಿಲ್ಲಾ ಎನ್‌ಕಾರ್ಡ್ ಸಮಿತಿಗೆ (ಮಾದಕ ವಸ್ತು ತಡೆಗೆ ಇಲಾಖೆಗಳನ್ನು ಒಟ್ಟುಗೂಡಿಸುವ ಸಮಿತಿ) ಕೊಡಿ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಪ್ರಸ್ತಾವ ಎಸ್‌ಪಿ ಕಚೇರಿಯಿಂದ ಪೊಲೀಸ್ ಪ್ರಧಾನ ಕಚೇರಿ, ಗೃಹ ಇಲಾಖೆ ದಾಟಿ ದಿಲ್ಲಿಗೆ ಹೋಗಬೇಕು. ಹಳೆಯ ಕಂತಿನ ಬಳಕೆ ಪ್ರಮಾಣಪತ್ರ ಬಾಕಿ ಇದ್ದರೆ ಹೊಸ ಕಂತು ಅಲ್ಲೇ ನಿಲ್ಲುತ್ತದೆ.

ಘಟ್ಟದ ಮೇಲಿನವ, ಶಿರಸಿ:
ಬೋಟು ಬಿಡಿ ಮಾರಾಯ್ರೆ, ಮೊದಲು ತೂಕದ ಯಂತ್ರ ಕೇಳಿ. ಎಂಡಿಎಂಎ ಅರ್ಧ ಗ್ರಾಂವರೆಗೆ ಸಣ್ಣ ಪ್ರಮಾಣ, 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ ಜೈಲು, ಜಾಮೀನೂ ಕಷ್ಟ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದು ಗ್ರಾಂ ಆಚೀಚೆಯಾದರೆ ಕಲಮೇ ಬದಲಾಗುತ್ತದೆ. 0.01 ಗ್ರಾಂ ತೋರಿಸುವ ಯಂತ್ರ ಒಂದು, ಗಾಂಜಾ ಮೂಟೆಗೆ ದೊಡ್ಡದು ಒಂದು. ಎರಡಕ್ಕೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಚಾಲ್ತಿಯಲ್ಲಿರಬೇಕು. ಪ್ಲಾಸ್ಟಿಕ್ ಕವರಿನ ತೂಕವನ್ನು ಪಂಚನಾಮೆಯಲ್ಲಿ ಬೇರೆ ಬರೆಯದಿದ್ದರೆ ವಕೀಲರು ಹಿಡಿಯುವುದು ಅದನ್ನೇ.

ಎರಡನೆಯದು ಮುದ್ದೇಮಾಲು ಕೋಣೆ, ವಶಪಡಿಸಿಕೊಂಡ ಮಾಲು ಇಡುವ ಜಾಗ. ಗಾಂಜಾಕ್ಕೆ ಸಣ್ಣ ಪ್ರಮಾಣ 1 ಕೆಜಿ, ವಾಣಿಜ್ಯ 20 ಕೆಜಿ. ಹಸಿ ಗಿಡವನ್ನು ಬೇರು, ಕಾಂಡ ಸಮೇತ ತೂಗಿ 21 ಕೆಜಿ ಎಂದು ಬರೆದರೆ ಒಣಗಿದ ಮೇಲೆ ಎಷ್ಟು ಉಳಿಯುತ್ತದೆ ಲೆಕ್ಕ ಹಾಕಿ. ಕಾನೂನಿನ ಪ್ರಕಾರ ಗಾಂಜಾ ಎಂದರೆ ಹೂವು, ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಇನ್ನು ಕರಾವಳಿಯ ಮಳೆಗಾಲದಲ್ಲಿ ಮೂಟೆಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ತೇವ ತಡೆಯುವ ಕೋಣೆ, ಎರಡು ಬೀಗ ಬೇಕು. ಮಾದಕ ವಸ್ತು ಕಾಯ್ದೆಯ 2022ರ ನಿಯಮದಂತೆ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಎದುರು: ಗಾಂಜಾ, ಚರಸ್, ಅಫೀಮು 24 ಗ್ರಾಂ, ಉಳಿದದ್ದು 5 ಗ್ರಾಂ, ಎಲ್ಲ ಎರಡೆರಡು ಪ್ರತಿ. ಅದಾದ ಮೇಲೆ ಉಳಿದ ಮಾಲನ್ನು ವಿಚಾರಣೆ ಮುಗಿಯುವವರೆಗೆ ಇಟ್ಟುಕೊಳ್ಳಬೇಕಿಲ್ಲ, ವಿಲೇವಾರಿ ಸಮಿತಿ ಸುಡಬಹುದು.

ಮಾದಕ ವಸ್ತು ಗುರುತಿಸುವ ಪರೀಕ್ಷಾ ಕಿಟ್ಟಿನ ರಾಸಾಯನಿಕಕ್ಕೆ ಅವಧಿ ಇರುತ್ತದೆ. ಮಾರ್ಚ್ ಕೊನೆಗೆ ರಾಶಿ ತರಿಸಿದರೆ ಕಪಾಟಿನಲ್ಲೇ ಹಾಳು. ಬಣ್ಣ ಬದಲಾದದ್ದು ಬರೀ ಸುಳಿವು, ಕೋರ್ಟಿಗೆ ಪ್ರಯೋಗಾಲಯದ ವರದಿಯೇ ಬೇಕು.

ಬಂದರು ರಸ್ತೆ:
ವರದಿ ಎಂದಿರಲ್ಲ, ಗಂಟು ಇರುವುದು ಅಲ್ಲೇ. ಪ್ರಯೋಗಾಲಯ ವರದಿ ಕೊಡಲು ನಿಯಮದಲ್ಲಿ 15 ದಿನ ಎಂದಿದೆ. ವಾಣಿಜ್ಯ ಪ್ರಮಾಣದ ಕೇಸಿಗೆ ಚಾರ್ಜ್‌ಶೀಟ್ ಹಾಕಲು 180 ದಿನ. ವರದಿ ಬಾರದಿದ್ದರೆ ಚಾರ್ಜ್‌ಶೀಟೇ ಅಪೂರ್ಣ ಎಂದು ಜಾಮೀನು ಅರ್ಜಿ ಹಾಕುತ್ತಾರೆ. ಹಾಗಾಗಿ ಪ್ರಯೋಗಾಲಯಕ್ಕೆ ಸಿಬ್ಬಂದಿ ಕೇಳಿ.

ಕುಮಟಾ ಕಡೆಯವ:
ಬೋಟು ತೆಗೆದೆವು. ಯಂತ್ರ ಎರಡು, ಕೋಣೆ, ಪ್ರಯೋಗಾಲಯದ ಸಿಬ್ಬಂದಿ. ಊರಿನವರು ಸುಳಿವು ಕೊಡಲು ಯಾವ ನಂಬರು?

ಲೆಕ್ಕಪತ್ರ:
1933, ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿಯ ಮಾನಸ್ ಸಹಾಯವಾಣಿ. ಹೆಸರು ಹೇಳಬೇಕಿಲ್ಲ.